ಒದ್ದವಳ ನಮಸ್ಕಾರ

ಕಾಲು ಯಾರಿಗಾದರೂ ತಾಗಿದರೆ ತಕ್ಷಣ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಧಾರವಾಡದ ನಮ್ಮ ಮನೆಯಲ್ಲಿ ನನಗೆ ಇದನ್ನು ಕಲಿಸಿದ ಮೇಲೆಯೇ ನಡೆಯಲು ಕಲಿಸಿದರೇನೋ. ಗಂಡ ಹೆಂಡತಿಗೆ ಹಾಗೆ ಮಾಡಿದ್ದನ್ನು ಮಾತ್ರ ಎಲ್ಲೂ ಕಂಡಿರಲಿಲ್ಲ. ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ನನ್ನ ಬೆಳಗು ಶುರುವಾಗುತ್ತಿದ್ದದ್ದೇ ಗಂಡನ ತೋಳು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದರಿಂದ. ರಾತ್ರಿಯಿಡೀ ಒದ್ದಿರುತ್ತಿದ್ದೆನಂತೆ. ನನಗೆ ಒಂದಿಷ್ಟೂ ನೆನಪಿರುತ್ತಿರಲಿಲ್ಲ.

"ಹಗಲೆಲ್ಲಾ ನುಂಗಿದ ಸಿಟ್ಟು ರಾತ್ರಿ ಕಾಲಿಗೆ ಇಳೀತದ ನೋಡು," ಎಂದು ಅವರು ನಗುತ್ತಿದ್ದರು. ನಾನು ಸಿಟ್ಟು ನುಂಗುವವಳೇ ಅಲ್ಲ, ಆಗಿಂದಾಗಲೇ ಉಗುಳುವವಳು. ಆದರೂ ಒಂದು ದಿನ ಅವರು ದಿಂಬು ಎತ್ತಿಕೊಂಡು ಹಾಲ್‌ನ ಸೋಫಾಕ್ಕೆ ಹೋದರು. ಅವರಿಗೆ ತಳೇಗಾಂವದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ, ನಿದ್ದೆ ಬೇಕು, ಸರಿ. ಆದರೆ ದಿಂಬು ತಿರುಗಿ ಬರಲೇ ಇಲ್ಲ. ಈ ಮನುಷ್ಯ ಇನ್ನು ನನ್ನ ಪಕ್ಕಕ್ಕೆ ಬರುವುದೇ ಇಲ್ಲವೇನೋ ಎಂದು ಹೆದರಿದೆ. ಬಾಯಿಬಿಟ್ಟು ಕೇಳಲು ಜಂಬ ಅಡ್ಡ ಬಂತು.

ನಾನೋ ಕಣ್ತುಂಬ ನಿದ್ದೆ ಮಾಡಿ ಎದ್ದರೂ, ಹಿಂಜವಾಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಮತ್ತೆ ತೂಕಡಿಸಿ ಪಕ್ಕದವರ ಹೆಗಲಿಗೆ ಒರಗುತ್ತಿದ್ದೆ. ಕೊನೆಗೆ ಡಾಕ್ಟರಮ್ಮನ ಹತ್ತಿರ ಹೋದೆ. "ಮಲಗಿದವರಿಗೆ ಏನು ಗೊತ್ತು? ನೋಡಿದವರನ್ನು ಕರೆತನ್ನಿ," ಎಂದು ಮರಾಠಿಯಲ್ಲಿ ಹೇಳಿ ಕಳಿಸಿದರು.

ಗಂಡನನ್ನು ಕರೆದುಕೊಂಡು ಹೋದೆ. "ಪಾಯಾಲಾ ಮುಂಗ್ಯಾ ಯೇತಾತ ಕಾ?" ಎಂದು ಆಕೆ ಕೇಳಿದರು. ಕಾಲು ಜುಮುಜುಮು ಎನ್ನುತ್ತದೆಯೇ ಎಂದು ಅದರ ಅರ್ಥ. ಆದರೆ ಮುಂಗ್ಯಾ ಎಂದರೆ ಇರುವೆಗಳೂ ಹೌದು. ನಮ್ಮವರು ಗಂಭೀರವಾಗಿ, ನಮ್ಮದು ಆರನೇ ಮಹಡಿ, ಇರುವೆ ಬರುವುದಿಲ್ಲ ಅಂದುಬಿಟ್ಟರು. ಮೂವರೂ ನಕ್ಕೆವು. ಆಮೇಲೆ ನಮ್ಮವರು ರಾತ್ರಿ ಕಂಡದ್ದನ್ನು ವಿವರಿಸತೊಡಗಿದರು: ಮೊದಲು ಹೆಬ್ಬೆರಳು ಮೇಲೇಳುತ್ತದೆ, ಪಾದ ಸೆಟೆಯುತ್ತದೆ, ಮೊಣಕಾಲು ಮಡಚಿ ಒದೆಯುತ್ತದೆ, ಸ್ವಲ್ಪ ಸುಮ್ಮನಿದ್ದು ಮತ್ತೆ ಅದೇ. ಇಷ್ಟು ಹೇಳಬೇಕಾದರೆ ಈ ಮನುಷ್ಯ ಎಷ್ಟು ಹೊತ್ತು ಎಚ್ಚರವಿದ್ದು ನನ್ನ ಕಾಲನ್ನೇ ನೋಡಿರಬೇಕು! ನನಗೆ ಅಳುವೇ ಬಂತು.

ಇದಕ್ಕೂ ಸಿಟ್ಟಿಗೂ ಸಂಬಂಧವಿಲ್ಲ ಎಂದರು ಡಾಕ್ಟರಮ್ಮ. ನಿದ್ದೆಯಲ್ಲಿ ಕಾಲು ತಾನಾಗಿಯೇ ಎಗರುತ್ತದೆ, ಅದರಿಂದ ನಿದ್ದೆ ಮತ್ತೆ ಮತ್ತೆ ಒಡೆಯುತ್ತದೆ. ಕೆಲವರಿಗೆ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ ಹೀಗಾಗುವುದುಂಟು. ರಕ್ತ ಪರೀಕ್ಷೆಯಲ್ಲಿ ನನಗೆ ಅದೇ ಕಡಿಮೆಯಿತ್ತು. ಗುಳಿಗೆ ಬರೆದರು, ಕಬ್ಬಿಣ ಮೈಗೆ ಹತ್ತಬೇಕಾದರೆ ಊಟದ ಬೆನ್ನಿಗೇ ಚಹಾ ಕುಡಿಯಬೇಡಿ ಎಂದರು. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ದಿನ ಕಳೆದಂತೆ ಬಸ್ಸಿನಲ್ಲಿ ಕಿಟಕಿಯಾಚೆ ನೋಡುವಷ್ಟು ಎಚ್ಚರ ಬಂತು. ಒಂದು ಸಂಜೆ ನೋಡಿದರೆ ಸೋಫಾದ ದಿಂಬು ಮಂಚದ ಮೇಲಿತ್ತು.

ಮರುದಿನ ಬೆಳಿಗ್ಗೆ ರೂಢಿಯಂತೆ ಅವರ ತೋಳಿಗೆ ಕೈ ಚಾಚಿದೆ. "ಒದ್ದೆನೇನ್ರಿ?"

"ಒಂದ ಸಲ ಒದ್ದಿ," ಅಂದರು. "ನಿದ್ದಿಗಣ್ಣಾಗ ನಾನೂ ತಿರುಗಿ ಒದ್ದೆ."

ಹಾಗೆಂದವರೇ ನನ್ನ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡರು.