ಎರಡು ಕೈ ಬೇಡುವ ಯಂತ್ರ

ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರ ಮನೆಗೂ ಕಾರು ಬಂದ ಮೇಲೆ ಆ ಬೇಲಿ ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಮುಂಬಯಿಯ ಚೆಂಬೂರಿನ ಹಳೆಯ ಕಾಲೊನಿ ನಮ್ಮದು. ಲಿಫ್ಟ್ ಇಲ್ಲದ ಮೂರು ಮಹಡಿ, ಮಳೆಗಾಲ ಬಂತೆಂದರೆ ಗೋಡೆ ತುಂಬ ಪಾಚಿ. ನೆಲಮಹಡಿಯ ಒಂದು ರೂಮು, ಒಂದು ಕಿಚನ್ನಿನಲ್ಲಿ ನಾನೂ ನನ್ನ ಗಂಡನೂ ಇದ್ದೆವು. ನಮ್ಮ ಕಿಟಕಿಯ ಬುಡದಿಂದ ಗೇಟಿನ ಪಕ್ಕದ ಪಂಪಿನ ಕೋಣೆಯವರೆಗೆ ಮದರಂಗಿ ಗಿಡದ ಬೇಲಿ. ನೆಟ್ಟವರು ಅವರೇ, ಕತ್ತರಿಸುವವರೂ ಅವರೇ.

ಅವರು ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು. ಮೀಸೆ ಮೂಡುವ ಮೊದಲೇ ಊರು ಬಿಟ್ಟು ಬಂದು ಅದೇ ಬೆಂಕಿಯ ಮುಂದೆ ನಿಂತವರು. ದಿನವಿಡೀ ಬೆಂದು ಬಂದವರಿಗೆ ಹಸಿರು ನೋಡಿದರೆ ಕಣ್ಣು ತಣ್ಣಗಾಗುತ್ತದಂತೆ. ಸೋಮವಾರ ರಜೆ. ಬೆಳಿಗ್ಗೆ ಕಾಫಿ ಕುಡಿದು, ಲುಂಗಿ ಮೇಲೆತ್ತಿ ಕಟ್ಟಿ, ದೊಡ್ಡ ಕತ್ತರಿ ಹಿಡಿದು ಹೊರಟರೆ ಊಟಕ್ಕೆ ನಾನು ಕೂಗಿ ಕೂಗಿ ಕರೆಯಬೇಕು. ನಾನು ತಲೆ ಬಾಚಿದ್ದೇನೋ ಇಲ್ಲವೋ ಎಂದು ಒಂದು ದಿನ ನೋಡಿದ ಮನುಷ್ಯನಲ್ಲ. ಬೇಲಿಯ ತಲೆ ಮಾತ್ರ ಒಂದೆಳೆ ಹೆಚ್ಚು ಕಡಿಮೆ ಆಗುವ ಹಾಗಿಲ್ಲ. ನನಗೆ ಸವತಿ ಇಲ್ಲದ ಕೊರತೆಯನ್ನು ಆ ಬೇಲಿ ನೀಗಿಸಿದೆ ಎಂದು ನಾನು ಮಗಳ ಹತ್ತಿರ ಹೇಳಿ ನಗುತ್ತಿದ್ದೆ.

ಒಂದು ವರ್ಷ ಮಳೆ ನಿಂತ ಮೇಲೆ ಬೇಲಿ ಏರುತಗ್ಗಾಗತೊಡಗಿತು. ಒಂದು ಕಡೆ ಬೋಳು, ಒಂದು ಕಡೆ ಪೊದೆ. ಕತ್ತರಿ ಮೊಂಡಾಗಿದೆ ಎಂದರು. ಸೈಕಲ್ಲಿನಲ್ಲಿ ಸಾಣೆ ಕಲ್ಲು ಕಟ್ಟಿಕೊಂಡು ಬರುವವನಿಂದ ಸಾಣೆ ಹಿಡಿಸಿದರು. ಮತ್ತೂ ಕತ್ತರಿಸಲಿಲ್ಲ. ಸಾಣೆಯವನಿಗೆ ಕೆಲಸ ಬರುವುದಿಲ್ಲ ಎಂದರು. ಹಾಗೆಯೇ ಹೋಟೆಲಿನಲ್ಲಿ ಹಿಟ್ಟಿನ ಪಾತ್ರೆ ಜಾರಿ ಬಿದ್ದಾಗ ತೊಳೆಯುವವರು ಅಂಚಿನ ಎಣ್ಣೆ ಬಿಟ್ಟಿದ್ದರು ಎಂದರು. ಅಂಗಿಯ ಗುಂಡಿ ಹಾಕಲು ಬಾರದಿದ್ದಾಗ ದರ್ಜಿ ಕಾಜಾ ಸಣ್ಣ ಮಾಡಿದ್ದಾನೆ ಎಂದರು. ಇವರ ಕೈಗೆ ಸಿಕ್ಕಿದವರೆಲ್ಲ ಕೆಲಸ ಬಾರದವರೇ ಆಗುತ್ತಿದ್ದಾರಲ್ಲ ಎಂದು ನಾನು ರೇಗಿಸುತ್ತ ಗುಂಡಿ ಹಾಕಿಕೊಟ್ಟೆ.

ಅಷ್ಟರಲ್ಲಿ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಮನೆಗೇ ಬಂದ. ಕೊಂಬೆಗಳು ಕಾರಿಗೆ ಗೀರು ಹಾಕುತ್ತವೆ, ನೆಟ್ಟಗೆ ಇಟ್ಟುಕೊಂಡರೆ ಇರಲಿ, ಇಲ್ಲದಿದ್ದರೆ ಕಿತ್ತು ನೆಲಕ್ಕೆ ಸಿಮೆಂಟ್ ಬ್ಲಾಕ್ ಹಾಕಿಸುತ್ತೇವೆ, ಎರಡು ಕಾರಿಗೆ ಜಾಗ ಆಗುತ್ತದೆ ಎಂದ. ಬೇಕಾದರೆ ಮಾಲಿ ಕರೆಸಿ ಎಂದೂ ಹೇಳಿದ. ಅವನು ಮೆಟ್ಟಿಲು ಹತ್ತಿದ ಮೇಲೆ ಇವರು ನನ್ನ ಹತ್ತಿರ ಹೇಳಿದರು: “ಮಾಲಿ ಎಂತ ಮಾಡ್ತಾನೆ? ಬೋಳಿಸಿ ಹೋಗ್ತಾನೆ. ಈಗ ಮಿಶಿನ್ ಸಿಕ್ತದಂತೆ. ಒಂದು ಮಿಶಿನ್ ತಗೊಳ್ಳುವಾ.”

ಮಲಾಡಿನಲ್ಲಿರುವ ಮಗಳಿಗೆ ಫೋನು ಮಾಡಿದೆವು. “ಪಪ್ಪಾ, ಆನ್‌ಲೈನ್ ಮಂಗಾ ಲೋ ನಾ. ನಾನು ಲಿಂಕ್ ಕಳಿಸ್ತೇನೆ. ಫೋಟೋ ನೋಡಿ, ಬಸ್,” ಎಂದಳು. ಆನ್‌ಲೈನಿನಲ್ಲೇ ತರಿಸಿಕೊಳ್ಳಿ, ಅಷ್ಟು ಸಾಕು ಎಂದು. ಅವಳ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಯ ಮಡಿಲಿಗೆ ಬೀಳುತ್ತದೆ. ಇವರು ಒಪ್ಪಲಿಲ್ಲ. “ಬದನೆಕಾಯಿ ಸಹ ಮುಟ್ಟಿ ನೋಡಿ ತಗೊಳ್ಳುವ ಜನ ನಾನು. ಕೈಯಲ್ಲಿ ಹಿಡಿದು ನೋಡ್ಬೇಕು,” ಎಂದರು. ಮುಂದಿನ ಸೋಮವಾರ ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿದು ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದೆವು.

ಅಲ್ಲಿಯ ಬೀದಿಗಳಲ್ಲಿ ಬರೀ ಉಪಕರಣಗಳ ಅಂಗಡಿ. ಡ್ರಿಲ್ಲು, ಪಂಪು, ಗರಗಸ, ತಲೆಯ ಮೇಲೆ ತೂಗುವ ಬೆಲ್ಟುಗಳು. ನಾವು ಹೊಕ್ಕ ಅಂಗಡಿಯವನು ಒಳ್ಳೆಯ ತಾಳ್ಮೆಯ ಮನುಷ್ಯ. ಮೊದಲು ಉದ್ದ ಕೋಲಿನ ತುದಿಗೆ ಗರಗಸ ಇದ್ದದ್ದನ್ನು ತೋರಿಸಿದ. “ನಮ್ಮ ಬೇಲಿ ಸೊಂಟಕ್ಕೆ ಬರ್ತದೆ ಅಷ್ಟೇ, ತೆಂಗಿನಮರ ಅಲ್ಲ,” ಎಂದು ಇವರು ನನಗೆ ಕನ್ನಡದಲ್ಲಿ ಹೇಳಿ, ಅವನಿಗೆ ಹಿಂದಿಯಲ್ಲಿ ಬೇಡ ಎಂದರು. ಆಮೇಲೆ ಪೆಟ್ರೋಲಿನದು ಬಂತು. ಅದನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ಹಗ್ಗ ಎಳೆದು ಶುರು ಮಾಡಬೇಕು. ಇವರು ಎಳೆದರು. ಹಗ್ಗದ ಜೊತೆ ಯಂತ್ರವೇ ಕೌಂಟರಿನ ಮೇಲೆ ಜಾರಿಕೊಂಡು ಬಂತು. “ಹೊಗೆ ಬರ್ತದೆ ಇದು, ಬೇಡ,” ಎಂದರು.

ಮೂರನೆಯದು ವೈರಿನದು. ಹಗುರ, ನೋಡಲು ಚೆಂದ. ಹಲ್ಲಿನ ಪಟ್ಟಿಯಂಥ ಬ್ಲೇಡು, ಹಿಂದೊಂದು ಹಿಡಿ, ಮುಂದೊಂದು ಹಿಡಿ. ಹಿಂದಿನ ಹಿಡಿಯಲ್ಲೂ ಸ್ವಿಚ್ಚು, ಮುಂದಿನ ಹಿಡಿಯಲ್ಲೂ ಸ್ವಿಚ್ಚು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಓಡುತ್ತದೆ, ಒಂದು ಬಿಟ್ಟರೂ ನಿಲ್ಲುತ್ತದೆ. ಒಂದು ಕೈ ಬ್ಲೇಡಿನ ಹತ್ತಿರ ಹೋಗಬಾರದೆಂದು ಹಾಗೆ ಮಾಡಿದ್ದಾರೆ ಎಂದು ಅಂಗಡಿಯವನು ಪ್ಲಗ್ಗು ಹಾಕಿ ತೋರಿಸಿದ. ಜೇನುಹುಳ ಎದ್ದ ಹಾಗೆ ಸದ್ದಾಯಿತು. ಇವರ ಮುಖ ಅರಳಿತು. ಕೈಗೆ ತೆಗೆದುಕೊಂಡು ಒತ್ತಿದರು. ಒಮ್ಮೆ ಝುಂಯ್ ಎಂದು ನಿಂತಿತು. ಮತ್ತೆ ಒತ್ತಿದರು. ಏನೂ ಇಲ್ಲ.

“ಅಂಕಲ್, ದೋನೋ ಹಾತ್ ಸೆ ದಬಾವೋ,” ಎಂದ ಅಂಗಡಿಯವನು. ಎರಡೂ ಕೈಯಿಂದ ಒತ್ತಿ ಎಂದು.

“ಒತ್ತಿದ್ದೇನಲ್ಲ ಮಾರಾಯ! ಸ್ವಿಚ್ ಲೂಸ್ ಉಂಟು,” ಎಂದರು ಇವರು, ಹಿಂದಿ ಮರೆತು. ಅವನಿಗೆ ಅರ್ಥವಾಯಿತು. ಅದೇ ತರದ ಇನ್ನೊಂದನ್ನು ಡಬ್ಬದಿಂದ ಬಿಚ್ಚಿ ಕೊಟ್ಟ. ಅದರ ಸ್ವಿಚ್ಚು ಗಟ್ಟಿಯಾಯಿತು. ಬ್ಯಾಟರಿಯದು ತಂದ. ಅದರ ಸ್ವಿಚ್ಚೂ ಸರಿ ಇರಲಿಲ್ಲ. ಕೌಂಟರಿನ ಮೇಲೆ ಡಬ್ಬಗಳು ಸಾಲಾದವು. ಇವರ ಹಣೆಯಲ್ಲಿ ಬೆವರು. ಅಂಗಡಿಯವನು ಮತ್ತೊಂದು ತರಲು ಒಳಗೆ ಹೋದ. ಇವರು ಫ್ಯಾನಿನ ಕೆಳಗೆ ಹೋಗಿ ನಿಂತು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು.

ನಾನು ಸುಮ್ಮನೆ ವೈರಿನ ಮೊದಲನೆಯದರ ಮುಂದಿನ ಹಿಡಿಯ ಮೇಲೆ ಕೈ ಇಟ್ಟು ಒತ್ತಿದೆ. ಗ್ಯಾಸ್ ಲೈಟರಿಗಿಂತ ಹಗುರವಾಗಿ ಒಳಗೆ ಹೋಯಿತು. ಎರಡನೆಯದನ್ನು ಒತ್ತಿದೆ. ಅದೂ ಹಾಗೆಯೇ. ಬ್ಯಾಟರಿಯದನ್ನು ಎರಡೇ ಬೆರಳಿನಲ್ಲಿ ಒತ್ತಿದೆ. ಕತ್ತರಿ, ಸಾಣೆಯವನು, ಪಾತ್ರೆಯ ಎಣ್ಣೆ, ಅಂಗಿಯ ಕಾಜಾ ಎಲ್ಲ ಒಂದರ ಹಿಂದೊಂದು ಬಂದು ನನ್ನ ಎದುರು ನಿಂತವು. ಬ್ಯಾಟರಿಯದನ್ನು ಇದ್ದಲ್ಲೇ ಇಟ್ಟೆ.

ಇವರು ತಿರುಗಿ ಬಂದು ನನ್ನನ್ನೇ ನೋಡಿದರು. “ಗಟ್ಟಿ ಉಂಟು ಅಲ್ವಾ?” ಎಂದರು.

“ಹೌದು,” ಎಂದೆ. “ನನಗೂ ಒತ್ಲಿಕ್ಕೆ ಆಗುವುದಿಲ್ಲ. ಹೊಸದಲ್ವಾ, ಬಳಸಿ ಬಳಸಿ ಸಡಿಲ ಆದೀತು.”

ಒಳಗಿನಿಂದ ಬಂದ ಅಂಗಡಿಯವನು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಇವರ ಕೈ ನೋಡಿದ. ವೈರಿನ ಮೊದಲನೆಯದನ್ನೇ ಕಟ್ಟಿಕೊಡಲು ಹೇಳಿದೆ. ವಾಪಸು ಬರುವಾಗ ಲೋಕಲಿನಲ್ಲಿ ಇವರು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದರ ಮೇಲೆ ಎಡಗೈ ಬಿದ್ದುಕೊಂಡಿತ್ತು. ಹೆಬ್ಬೆರಳಿನ ಬುಡದಲ್ಲಿ ಮಾಂಸ ಇಳಿದು ಗುಳಿ ಬಿದ್ದಿತ್ತು. ದಿನಾ ಆ ಕೈಗೆ ಊಟದ ತಟ್ಟೆ ಕೊಡುವವಳು ನಾನು.

ದೊಡ್ಡ ಆಸ್ಪತ್ರೆಗೆ ಹೋಗುವಂತೆ ಮಾಡಲು ಜಗಳವಾಡಬೇಕಾಯಿತು. ಸೂಜಿ ಚುಚ್ಚಿ, ಕರೆಂಟು ಹಾಯಿಸಿ, ಮೆಷಿನ್ನಿನೊಳಗೆ ಮಲಗಿಸಿ ನೋಡಿದರು. ಕೊನೆಗೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಇದು ಕೈಯ ಕಾಯಿಲೆ ಅಲ್ಲ, ಕೈಯನ್ನು ನಡೆಸುವ ನರಗಳದ್ದು. ಎಡಗೈ ತಿರುಗಿ ಬರುವುದಿಲ್ಲ. ಮುಂದೆ ಬಲಗೈಗೂ ಬರುತ್ತದೆ, ಆಮೇಲೆ ಕಾಲು, ನಾಲಿಗೆ. ಯಾವಾಗ ಎಂದು ಯಾರಿಂದಲೂ ಹೇಳಲಾಗುವುದಿಲ್ಲ. ಇವರು ಎಲ್ಲವನ್ನೂ ಕೇಳಿ, “ಬಲಗೈ ಸ್ವಲ್ಪ ಸಮಯ ಇರ್ತದಲ್ವಾ?” ಎಂದು ಮಾತ್ರ ಕೇಳಿದರು. ಡಾಕ್ಟರು ಇರಬಹುದು ಎಂದರು. ಬಲಗೈ ಇದ್ದರೆ ದೋಸೆ ಹುಯ್ಯಬಹುದು, ತನ್ನ ಊಟ ತಾನು ಮಾಡಬಹುದು. ಅಷ್ಟನ್ನೇ ಗಟ್ಟಿ ಹಿಡಿದುಕೊಂಡು ನಾವು ಮನೆಗೆ ಬಂದೆವು. ಹೋಟೆಲಿನವರು ಆಮೇಲೂ ಅವರನ್ನು ಕಾವಲಿಯ ಮುಂದೆ ನಿಲ್ಲಿಸಿಕೊಂಡರು. ಪಾತ್ರೆ ಹಿಡಿಯಲು ಪಕ್ಕದಲ್ಲಿ ಒಬ್ಬರನ್ನು ಕೊಟ್ಟರು.

ಯಂತ್ರ ಡಬ್ಬದಲ್ಲೇ ಇತ್ತು. ಅದನ್ನು ಕಂಡರೆ ನನಗೆ ಸಿಟ್ಟು. ಒಂದು ಕೈಯವರು ಬೇಲಿ ಕತ್ತರಿಸಬಾರದೆಂದು ಯಾವನೋ ಕೂತು ಯೋಚನೆ ಮಾಡಿ ಮಾಡಿದ ವಸ್ತು. ಒಂದು ಸೋಮವಾರ ನಾನು ಮಾರ್ಕೆಟ್ಟಿನಿಂದ ಬರುವಾಗ ಹೊರಗೆ ಅದರ ಸದ್ದು ಕೇಳಿತು. ಓಡಿ ಹೋಗಿ ನೋಡಿದರೆ ಇವರು ಮುಂದಿನ ಸ್ವಿಚ್ಚಿಗೆ ವೈರಿನ ಕಪ್ಪು ಟೇಪು ಸುತ್ತಿ, ಅದು ಯಾವಾಗಲೂ ಒತ್ತಿಯೇ ಇರುವ ಹಾಗೆ ಮಾಡಿ, ಬಲಗೈ ಒಂದರಲ್ಲೇ ಓಡಿಸುತ್ತಿದ್ದರು. ನನ್ನನ್ನು ಕಂಡು ಹೆಮ್ಮೆಯಿಂದ ತಿರುಗಿದರು. ಬ್ಲೇಡು ಭಾರಕ್ಕೆ ಕೆಳಗೆ ವಾಲಿತು. ಲುಂಗಿಯ ಅಂಚನ್ನು ಕಚ್ಚಿಕೊಂಡು ಪರ್ರೆಂದು ಮೊಣಕಾಲಿನವರೆಗೆ ಹರಿಯಿತು. ನಾನು ತರಕಾರಿ ಚೀಲ ಎಸೆದು ಕಿಟಕಿಗೆ ಹೋಗಿ ಪ್ಲಗ್ಗು ಕಿತ್ತೆ.

ಕಾಲಿಗೆ ಏನೂ ಆಗಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಮೇಲಿನ ಮಹಡಿಯ ಕಿಟಕಿಗಳು ತೆರೆದವು. ಇವರು ಹರಿದ ಲುಂಗಿ ಹಿಡಿದುಕೊಂಡು ಬೇಲಿಯ ಹತ್ತಿರ ನಿಂತಿದ್ದರು. “ಅದನ್ನು ಕೂಡ ಕೀಳ್ತಾರೆ, ಮಾರಾಯ್ತಿ,” ಎಂದರು. ಅಳುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅಳುವುದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಮೆಟ್ಟಿಲ ಮೇಲೆ ಕೂತು ಟೇಪನ್ನು ಸುತ್ತು ಸುತ್ತಾಗಿ ಬಿಚ್ಚಿದೆ. ಉಗುರಿಗೆ ಅಂಟು ಮೆತ್ತಿಕೊಂಡಿತು. ಪ್ಲಗ್ಗು ಹಾಕಿ ಬಂದು, ಯಂತ್ರವನ್ನು ಅವರ ಬಲಗೈಗೆ ಕೊಟ್ಟು, ಎಡಗಡೆ ನಿಂತು, ಮುಂದಿನ ಹಿಡಿಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು ಒತ್ತಿದೆ. “ನಿಮ್ಮದು ಒತ್ತಿ,” ಎಂದೆ. ಒತ್ತಿದರು. ಓಡಿತು. ಕೈ ಯಾರದ್ದೆಂದು ಅದಕ್ಕೇನು ಗೊತ್ತು?

ಮೊದಲ ದಿನ ನಾವು ಕತ್ತರಿಸಿದ್ದು ನೋಡುವ ಹಾಗಿರಲಿಲ್ಲ. ಅವರು ಮುಂದೆ ಹೋದರೆ ನಾನು ಹಿಂದೆ, ನಾನು ಎತ್ತಿದರೆ ಅವರು ಇಳಿಸುವುದು. ಆಮೇಲೆ ರೂಢಿಯಾಯಿತು. ಅಡ್ಡಡ್ಡ ಹೆಜ್ಜೆ ಹಾಕುತ್ತ ಕಿಟಕಿಯಿಂದ ಪಂಪಿನ ಕೋಣೆಯವರೆಗೆ ಹೋಗುತ್ತಿದ್ದೆವು. “ಪುನಃ ಧಾರೆಗೆ ನಿಂತ ಹಾಗಾಯ್ತು ನೋಡು,” ಎಂದು ಒಂದು ದಿನ ನಕ್ಕರು. “ಪುರೋಹಿತರಿಗೆ ದಕ್ಷಿಣೆ ಇಲ್ಲದೆ ಮುಗಿಯಿತಲ್ಲ,” ಎಂದೆ. ಬಿಲ್ಡಿಂಗಿನವರು ಹೋಗುತ್ತ ಬರುತ್ತ ನಿಂತು ನೋಡುತ್ತಿದ್ದರು. ಒಬ್ಬರು ಯಾವುದೋ ಎಣ್ಣೆ ತಿಕ್ಕಿ ಎಂದರು, ಇನ್ನೊಬ್ಬರು ಬಾಂದ್ರಾದ ಒಬ್ಬ ವೈದ್ಯನ ಹೆಸರು ಹೇಳಿದರು. ಎಲ್ಲರಿಗೂ ಹೂಂ ಎಂದೆ. ಬೇಲಿ ನೆಟ್ಟಗಾಯಿತು. ಸೆಕ್ರೆಟರಿ ಬ್ಲಾಕಿನ ಮಾತು ಎತ್ತಲಿಲ್ಲ.

ಮುಂದಿನ ಮಳೆಗಾಲದಲ್ಲಿ ಮದರಂಗಿ ಹುಚ್ಚು ಹಿಡಿದಂತೆ ಬೆಳೆಯಿತು. ಮಳೆಯಲ್ಲಿ ವೈರು ಎಳೆಯುವಂತಿಲ್ಲ, ಹಾಗಾಗಿ ಯಂತ್ರ ಮಂಚದ ಕೆಳಗೇ ಇತ್ತು. ಮಳೆ ನಿಂತ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ ಹೊರಗೆ ಬಂದೆವು. ನೆಲ ಒಣಗಿತ್ತು. ಮೇಲಿನ ಟ್ಯಾಂಕಿಗೆ ನೀರು ಏರಿಸುವ ಹೊತ್ತು, ಪಂಪು ಗುರ್‌ಗುಟ್ಟುತ್ತಿತ್ತು. ಇವರ ಎಡಗೈಯನ್ನು ಲುಂಗಿಯ ಮಡಿಕೆಯೊಳಗೆ ಸಿಕ್ಕಿಸಿದ್ದೆ, ಜೋತುಬಿದ್ದರೆ ಭುಜ ನೋಯುತ್ತದೆ ಎಂದು. ಕಿಟಕಿಯ ಬುಡದಿಂದ ಶುರು ಮಾಡಿದೆವು. ಎಲೆಯ ಹಸಿ ವಾಸನೆ ಎದ್ದಿತು. ಇವರು ಎಂದಿನಂತೆ, “ಮೇಲೆ, ಸ್ವಲ್ಪ ಮೇಲೆ, ಹಾಂ,” ಎನ್ನುತ್ತಿದ್ದರು.

ಅರ್ಧಕ್ಕೆ ಬಂದಾಗ ಯಂತ್ರ ನಿಂತಿತು.

ನನ್ನ ಕೈ ಜಾರಿತೆಂದು ನೋಡಿದೆ. ಜಾರಿರಲಿಲ್ಲ, ಒತ್ತಿಯೇ ಹಿಡಿದಿದ್ದೆ. ಇನ್ನೂ ಜೋರಾಗಿ ಒತ್ತಿದೆ, ಬೆರಳು ಬೆಳ್ಳಗಾಗುವಷ್ಟು. ಓಡಲಿಲ್ಲ. ಆಗ ಹಿಂದಿನ ಹಿಡಿಯ ಕಡೆ ಕಣ್ಣು ಹೋಯಿತು. ಇವರ ಬಲಗೈ ಹಿಡಿಯ ಮೇಲೆಯೇ ಇತ್ತು. ಬೆರಳುಗಳು ಸ್ವಿಚ್ಚಿನ ಮೇಲೆ ಬಂದು ಬಂದು ಸಡಿಲವಾಗುತ್ತಿದ್ದವು. ಇವರು ನನ್ನ ಮುಖ ನೋಡಲಿಲ್ಲ. ಬೇಲಿಯನ್ನೇ ನೋಡುತ್ತಿದ್ದರು.

“ಕರೆಂಟ್ ಹೋಯ್ತು ಕಾಣ್ತದೆ,” ಎಂದರು.

“ಹೌದು,” ಎಂದೆ. “ಹೋಯ್ತು. ಬರುವ ತನಕ ಕೂತ್ಕೊಳ್ಳುವಾ.”

ಯಂತ್ರವನ್ನು ಅವರ ಕೈಯಿಂದ ತೆಗೆದು ನೆಲದ ಮೇಲಿಟ್ಟೆ. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಗೇಟಿನ ಪಕ್ಕದಲ್ಲಿ ನೀರಿನ ಪಂಪು ಓಡುತ್ತಲೇ ಇತ್ತು.