ಜಪಾನ್ ಮೇಳದ ಶೀನಣ್ಣ

ಎಲ್ಲರೂ ಎದುರಿಗಿದ್ದವರ ಕಣ್ಣು ನೋಡಿದರೆ ಶೀನಣ್ಣ ದವಡೆ ನೋಡುತ್ತಿದ್ದರು. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಗಲ್ಲಿಯೊಂದರಲ್ಲಿದ್ದ ಉಡುಪಿ ಹೋಟೆಲಿನ ಗಲ್ಲಾದಲ್ಲಿ, ಸೋಂಪಿನ ಬಟ್ಟಲಿನ ಹಿಂದೆ ಅವರ ಆಸನ. ಗಿರಾಕಿ ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಆಸಾಮಿ ಎಷ್ಟು ಹೊತ್ತು ಕೂರುತ್ತಾನೆಂದು ಅವರಿಗೆ ಗೊತ್ತಾಗುತ್ತಿತ್ತು. "ಇವನದ್ದು ಎಮ್ಮೆ ದವಡೆ ಮಾರಾಯ. ಇವತ್ತು ಏಳುವ ಅಂದಾಜಿಲ್ಲ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು.

ಹೋಟೆಲು ಚಿಕ್ಕದು. ಮಧ್ಯಾಹ್ನ ಆಫೀಸಿನವರ ಸಾಲು ಹೊರಗೆ ಪಾನ್ ಅಂಗಡಿಯವರೆಗೂ ಬೆಳೆಯುತ್ತಿತ್ತು. ಒಳಗೆ ಉಂಡವರು ಒಣಗಿದ ಕೈ ಹಿಡಿದುಕೊಂಡೇ ಬಿಲ್ಡಿಂಗಿನ ರಿಡೆವಲಪ್‌ಮೆಂಟ್ ವಿಷಯ ಚರ್ಚಿಸುತ್ತಿದ್ದರು. "ಉಂಡವ ಎದ್ದರೆ ಹೋಟೆಲು, ಕೂತರೆ ಛತ್ರ" ಎನ್ನುವುದು ಶೀನಣ್ಣನ ಗಾದೆ. ಅದು ಅವರೇ ಕಟ್ಟಿದ್ದು. ಆದರೆ ಉಡುಪಿ ಕಡೆಯ ಹಳೆಯ ಗಾದೆಯೆಂದು ಹೇಳಿಕೊಂಡು ತಿರುಗುತ್ತಿದ್ದರು.

ನಾನು ಗದಗಿನವನು. ಹೋಟೆಲಿನ ಗಲ್ಲಿಯ ತಿರುವಿನಲ್ಲೇ ಸ್ಪೀಕರು, ಆಂಪ್ಲಿಫೈಯರು ಮಾರುವ ಅಂಗಡಿಯಲ್ಲಿ ಕೆಲಸ. ಊಟ ದಿನವೂ ಶೀನಣ್ಣನ ಕಣ್ಣೆದುರೇ. ಒಮ್ಮೆ ಅವರ ಧಣಿ, ಹೋಟೆಲಿನಲ್ಲಿ ದೇವರ ಹಾಡು ಹಾಕಿಸಿ ಎಂದು ಫೋನು ಮಾಡಿದರಂತೆ. ನಮ್ಮ ಅಂಗಡಿಯಿಂದಲೇ ಸ್ಪೀಕರು ಬಂತು. ಅದರಿಂದ ಶೀನಣ್ಣನ ಕಷ್ಟ ಇನ್ನೂ ಹೆಚ್ಚಿತು. ಭಕ್ತಿಗೀತೆ ಕೇಳುತ್ತ ಜನ ಕಣ್ಣು ಮುಚ್ಚಿ ಉಣ್ಣತೊಡಗಿದರು. ಒಬ್ಬರಂತೂ ಸಾರನ್ನವನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ತಿಂದರು.

ಆ ವಾರವೇ ಸ್ಪೀಕರು ಗೊರಗೊರ ಎನ್ನತೊಡಗಿತು. ಊಟದ ಹೊತ್ತಿಗೇ ಹೋಗಿ ಸರಿಪಡಿಸಿ, ನಾವು ಅಂಗಡಿಯಲ್ಲಿ ಪರೀಕ್ಷೆಗೆ ಇಟ್ಟುಕೊಂಡಿದ್ದ ಪೆನ್‌ಡ್ರೈವ್ ಸಿಕ್ಕಿಸಿದೆ. ಅದರಲ್ಲಿದ್ದದ್ದು ಜಪಾನಿನ ಒಂದು ಎಲೆಕ್ಟ್ರಾನಿಕ್ ತಂಡದ ಹಾಡುಗಳು. ಒಬ್ಬ ಹೆಂಗಸು, ಇಬ್ಬರು ಗಂಡಸರು, ಉಳಿದದ್ದೆಲ್ಲ ಯಂತ್ರ. ಸ್ಪೀಕರಿನಲ್ಲಿ ದೋಷವಿದ್ದರೆ ಅವರ ಹಾಡಿನಲ್ಲಿ ತಟ್ಟನೆ ಸಿಕ್ಕಿಬೀಳುತ್ತದೆ. ಟಿಕ್ ಟಿಕ್ ಎಂದು ಶುರುವಾದದ್ದು ಓಟಕ್ಕೆ ಬಿದ್ದಿತು. ಮೇಲಿನಿಂದ ಆ ಹೆಂಗಸಿನ ಲೋಹದಂಥ ದನಿ ಇಳಿಯಿತು.

ಶೀನಣ್ಣ ನನ್ನ ಮೊಣಕೈ ಹಿಡಿದುಕೊಂಡರು.

"ತೆಗೀಬೇಡ. ದವಡೆ ನೋಡು."

ನೋಡಿದೆ. ಇಡೀ ಹೋಟೆಲು ತಾಳಕ್ಕೆ ಸರಿಯಾಗಿ ಅಗಿಯುತ್ತಿತ್ತು. ಯಾರಿಗೂ ಅದರ ಅರಿವಿರಲಿಲ್ಲ. ಚಪಾತಿ ಹರಿಯುವ ಬೆರಳು, ದಾಲು ಕಲಸುವ ಕೈ ಎಲ್ಲಕ್ಕೂ ಅದೇ ವೇಗ. ಹಾಡು ಮುಗಿಯುವಷ್ಟರಲ್ಲಿ ಮೂಲೆಯ ಮೇಜಿನವರು ಎದ್ದು ಕೈ ತೊಳೆಯುತ್ತಿದ್ದರು. ಪೆನ್‌ಡ್ರೈವ್ ನನಗೆ ವಾಪಸು ಸಿಗಲಿಲ್ಲ.

ಆ ತಂಡಕ್ಕೆ ಶೀನಣ್ಣ ಇಟ್ಟ ಹೆಸರು 'ಜಪಾನ್ ಮೇಳ'. ಊರಿನಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರಿಗೆ ಹಾಡಿ ಕುಣಿಯುವ ಯಾವ ಗುಂಪೂ ಮೇಳವೇ. ಹಾಡು ಯಾವುದೆಂದು ಗಿರಾಕಿಗಳು ಕೇಳಿದರೆ ನನ್ನ ಫೋನಿನಲ್ಲಿದ್ದ ಆ ಮೂವರ ಚಿತ್ರ ತೋರಿಸಿ ವಿವರಿಸುತ್ತಿದ್ದರು. "ಇವರು ಭಾಗವತರು. ಇವ ಚೆಂಡೆ. ಈ ಮೂರನೆಯವ ಎಂತ ಮಾಡ್ತಾನೆ ಅಂತ ಅವನಿಗೇ ಗೊತ್ತಿಲ್ಲ." ಆ ಮೂರನೆಯವನು ಚಿತ್ರದಲ್ಲಿ ಸುಮ್ಮನೆ ಒಂದು ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದ.

ಹೆಂಗಸಿನ ದನಿ ಯಾಕೆ ಹಾಗಿದೆ ಎಂದು ಒಮ್ಮೆ ಕೇಳಿದರು. ಯಂತ್ರದಲ್ಲಿ ಹಾಯಿಸಿ ಹಾಗೆ ಮಾಡಿದ್ದಾರೆ ಎಂದೆ. ಅವರು ನಂಬಲಿಲ್ಲ. "ಇಲ್ಲ ಮಾರಾಯ, ಅದು ಶೀತ. ಅಷ್ಟು ಶೀತ ಆದ್ರೂ ಪದ್ಯ ಬಿಡ್ಲಿಲ್ಲ ನೋಡು, ಅದು ದೊಡ್ಡದು" ಎಂದರು. ಅಂದಿನಿಂದ ಆಕೆಯ ಮೇಲೆ ಅವರಿಗೆ ವಿಶೇಷ ಗೌರವ.

ಒಂದು ಹಾಡಿನ ನಡುವೆ ವಾದ್ಯಗಳೆಲ್ಲ ಇದ್ದಕ್ಕಿದ್ದಂತೆ ನಿಂತು, ಒಂದು ಉಸಿರಿನಷ್ಟು ನಿಶ್ಶಬ್ದವಾಗಿ, ಮತ್ತೆ ಧೊಪ್ಪನೆ ಶುರುವಾಗುತ್ತಿದ್ದವು. ಅದನ್ನು ಹಾಕಿದ ದಿನ ಇಡೀ ಹೋಟೆಲು ತುತ್ತನ್ನು ಬಾಯಿಯ ಹತ್ತಿರ ಹಿಡಿದು ಕಲ್ಲಾಯಿತು. ಸಾಂಬಾರಿನ ಬಕೆಟ್ಟು ಹಿಡಿದಿದ್ದ ಸಪ್ಲಾಯರ್ ಸದಾನಂದ ಒಂದು ಕಾಲೆತ್ತಿ ನಿಂತ. ತಾಳ ಮತ್ತೆ ಬಿದ್ದಾಗ ಆ ಕಾಲು ಹೋಗಿ ಒಬ್ಬರ ಬ್ರೀಫ್‌ಕೇಸಿನ ಮೇಲೆ ಬಿತ್ತು, ಸಾಂಬಾರು ಇನ್ನೊಬ್ಬರ ಮೊಸರಿಗೆ ಬಿತ್ತು. ಮೊಸರಿನವರು ಅದನ್ನೂ ತಾಳಕ್ಕೆ ಸರಿಯಾಗಿ ಉಂಡು ಎದ್ದರು.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿದ್ದಾಗ ಪ್ರಧಾನ್ ಕಾಕಾ ಅನ್ನ ಬಿಟ್ಟು ಎದ್ದರು.

ಕಾಕಾ ಹೋಟೆಲಿನ ಹಿಂದಿದ್ದ ಚಾಳಿನ ಒಂದು ಕೋಣೆಯಲ್ಲಿ ಒಬ್ಬರೇ ಇದ್ದ ಮರಾಠಿ ಮುದುಕರು. ಹೊಸ ಹಲ್ಲಿನ ಸೆಟ್ಟು. ದಿನಾ ಬಂದು ಗೋಡೆಯ ಬದಿಗೆ ಕೂತು ನಿಧಾನವಾಗಿ ಮೊಸರನ್ನ ತಿನ್ನುತ್ತಿದ್ದರು. ಶೀನಣ್ಣನ ಲೆಕ್ಕದಲ್ಲಿ ಅದು ಹೋಟೆಲಿನ ಅತಿ ಕೆಟ್ಟ ದವಡೆ. ಅವತ್ತು ಮೇಳದ ವೇಗಕ್ಕೆ ಸಿಕ್ಕಿ ಅವರಿಗೆ ಬಿಕ್ಕಳಿಕೆ ಹಿಡಿಯಿತು. ನೀರು ಕುಡಿದರು, ಮತ್ತೆ ತುತ್ತೆತ್ತಿದರು, ಮತ್ತೆ ಬಿಕ್ಕಳಿಕೆ. ಕೊನೆಗೆ ಅರ್ಧ ಅನ್ನ ಬಿಟ್ಟು ಹೊರಟುಹೋದರು.

ಮೊದಲ ದಿನ ಶೀನಣ್ಣ ಮೇಜು ಖಾಲಿಯಾಯಿತೆಂದು ಖುಷಿಪಟ್ಟರು. ಮರುದಿನ ಕಾಕಾ ಬಾರದಿದ್ದಾಗ ಬಾಗಿಲ ಕಡೆ ನೋಡಿದರು. ಅದರ ಮರುದಿನ ಸೋಂಪಿನ ಬಟ್ಟಲನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದರು. ನಾಲ್ಕನೆಯ ದಿನ ಡಬ್ಬಿಯಲ್ಲಿ ಮೊಸರನ್ನ ತುಂಬಿಸಿ, "ಬಾ ಮಾರಾಯ, ನಿನ್ನ ಪೆನ್‌ಡ್ರೈವಿನದ್ದೂ ಪಾಲುಂಟು" ಎಂದು ನನ್ನನ್ನೂ ಎಳೆದುಕೊಂಡು ಚಾಳಿನ ಮರದ ಮೆಟ್ಟಿಲು ಹತ್ತಿದರು.

ಕಾಕಾ ಚೆನ್ನಾಗಿಯೇ ಇದ್ದರು. ಸಿಟ್ಟೂ ಇರಲಿಲ್ಲ. ಕುರ್ಚಿ ಒಂದೇ ಇದ್ದದ್ದರಿಂದ ನಮ್ಮನ್ನು ಮಂಚದ ಮೇಲೆ ಕೂರಿಸಿದರು. ಹೆಂಡತಿ ಹೋದಮೇಲೆ ಮನೆಯಲ್ಲಿ ಬಚ್ಚಲ ಮೋರಿಯ ಹತ್ತಿರ ನಿಂತುಕೊಂಡೇ ತಿಂದು ಮುಗಿಸುತ್ತೇನೆ, ಪಾತ್ರೆಯೂ ಅಲ್ಲೇ ತೊಳೆದಾಗುತ್ತದೆ ಎಂದರು. ಆಮೇಲೆ ಶೀನಣ್ಣನ ಕಡೆ ತಿರುಗಿ, ತುಸು ನಾಚಿಕೊಂಡು ಹಿಂದಿಯಲ್ಲಿ, "ಶೆಟ್ಟಿ, ಖಾನಾ ತೋ ಘರ್ ಮೇ ಭೀ ಹೈ. ತುಮ್ಹಾರೇ ಯಹಾಂ ಬೈಠನೇ ಆತಾ ಥಾ" ಎಂದರು. ಊಟ ಮನೆಯಲ್ಲೂ ಇತ್ತು, ಅವರು ಹೋಟೆಲಿಗೆ ಬರುತ್ತಿದ್ದದ್ದು ಕೂರುವುದಕ್ಕೆ.

ಸಂಜೆ ಶೀನಣ್ಣ ನನ್ನನ್ನು ಕರೆಸಿ, ಆ ಮೇಳದಲ್ಲಿ ನಿಧಾನದ ಪದ್ಯ ಒಂದೂ ಇಲ್ಲವೇ ಎಂದು ಕೇಳಿದರು. ಇತ್ತು, ಕಟ್ಟಕಡೆಯದು. ಹೆಂಗಸು ಒಬ್ಬಳೇ ಹಾಡುತ್ತಾಳೆ, ಕೆಳಗೆ ಯಂತ್ರ ಮಲಗಿದವರ ಉಸಿರಿನ ಹಾಗೆ ಏರಿಳಿಯುತ್ತದೆ. ಮರುದಿನದಿಂದ ಮಧ್ಯಾಹ್ನವೆಲ್ಲ ಅದೊಂದೇ. ಕಾಕಾ ಮರಳಿ ಬಂದರು. ಬಂದವರೇ ಆ ಹಾಡಿಗೆ ಅಂಟಿಕೊಂಡರು. ಮುಗಿದರೆ ಬೆರಳೆತ್ತಿ ಇನ್ನೊಮ್ಮೆ ಎನ್ನುತ್ತಿದ್ದರು. ಉಳಿದವರೂ ಆರಾಮವಾಗಿ ಒರಗಿ ಕೂತರು. ಹೊರಗಿನ ಸಾಲು ಕಾದು ಕಾದು ಎದುರಿನ ವಡಾಪಾವಿನ ಗಾಡಿಗೆ ವರ್ಗವಾಯಿತು.

ಇದು ಧಣಿಯ ಕಿವಿಗೆ ಬೀಳದೆ ಇರುತ್ತದೆಯೇ? ಒಂದು ದಿನ ಸರಿಯಾಗಿ ಊಟದ ಹೊತ್ತಿಗೆ ಬಂದು ನಿಂತರು. ಆಗ ಸದಾನಂದನೂ ಗೋಡೆಗೆ ಒರಗಿ ಹಾಡು ಕೇಳುತ್ತಿದ್ದ. ಮೊದಲಿನ ಜೋರು ಹಾಡುಗಳನ್ನೇ ಹಾಕು ಎಂದು ಧಣಿ ಗದರಿದರು. ಎದುರು ಮಾತಾಡಿ ಗೊತ್ತಿಲ್ಲದ ಶೀನಣ್ಣ ಎದ್ದು ನಿಂತರು.

"ನನ್ನ ಗಲ್ಲಾದ ಎದುರಿಂದ ಒಬ್ಬರು ಅನ್ನ ಬಿಟ್ಟು ಹೋದರು, ಧಣಿ. ಇನ್ನೊಮ್ಮೆ ಅದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಧಣಿ ಕೂಗಾಡಲಿಲ್ಲ. ವಾರದೊಳಗೆ ಶೀನಣ್ಣನನ್ನು ವಿಕ್ರೋಳಿಗೆ ಕಳಿಸಿದರು. ಕಾರ್ಖಾನೆ, ಆಫೀಸುಗಳ ಗೇಟಿನೆದುರು ಅವರದೇ ಇನ್ನೊಂದು ಹೋಟೆಲಿತ್ತು. ಅಲ್ಲಿ ಕುರ್ಚಿಗಳೇ ಇರಲಿಲ್ಲ. ಕೂಪನ್ನು ತೆಗೆದುಕೊಳ್ಳುವುದು, ಎದೆಯೆತ್ತರದ ಮೇಜಿನ ಮೇಲೆ ತಟ್ಟೆಯಿಟ್ಟು ನಿಂತೇ ತಿಂದು ಹೋಗುವುದು. ಸ್ಪೀಕರು ನಮ್ಮ ಅಂಗಡಿಗೆ ವಾಪಸಾಯಿತು.

ಕೆಲವು ತಿಂಗಳ ನಂತರ ಒಂದು ಸಂಜೆ ಹುಡುಕಿಕೊಂಡು ಹೋದೆ. "ಆರಾಮ ಅದೀರೇನ್ರಿ ಶೀನಣ್ಣ?" ಎಂದೆ. ಕೂಪನ್ನು ಹರಿಯುತ್ತಲೇ ತಲೆಯಾಡಿಸಿದರು. ಇಲ್ಲಿ ಜನ ನುಂಗುತ್ತಾರೆ, ಅಗಿಯುವುದೇ ಇಲ್ಲ, ನೋಡಲಿಕ್ಕೆ ಏನೂ ಇಲ್ಲ ಎಂದು ದೂರಿದರು. ಪ್ರಧಾನ್ ಕಾಕಾ ಬರುತ್ತಾರೆಯೇ ಎಂದು ಕೇಳಿದರು. ಬರುತ್ತಾರೆ, ನೀವು ಯಾವಾಗ ಬರುತ್ತೀರಿ ಎಂದು ವಿಚಾರಿಸುತ್ತಾರೆ ಎಂದೆ. ಜಪಾನಿನ ಮೇಳ ಒಡೆದು ಮೂವರೂ ಬೇರೆಯಾದ ಸುದ್ದಿಯನ್ನೂ ಹೇಳಿದೆ. ಶೀನಣ್ಣನ ಕೈ ನಿಂತಿತು. ಸಂಬಳದ ಗಲಾಟೆಯೇ ಎಂದು ಕೇಳಿದರು. ಇಲ್ಲ, ಮೊದಲು ಬಿಟ್ಟವನು ಆ ಮೂರನೆಯವನಂತೆ ಎಂದೆ.

"ಹಾಗಾದರೆ ಅವ ಎಂತದೋ ಮಾಡ್ತಿದ್ದ" ಎಂದು ಮತ್ತೆ ಕೂಪನ್ನು ಹರಿಯತೊಡಗಿದರು.

ನನ್ನ ದೋಸೆ ಬಂತು. ತಟ್ಟೆ ಹಿಡಿದು ಮೇಜು ಹುಡುಕುತ್ತಿದ್ದಾಗ ಶೀನಣ್ಣ ತಾವು ಕೂತಿದ್ದ ಸ್ಟೂಲನ್ನು ಗಲ್ಲಾದ ಮೇಲಿಂದ ಎತ್ತಿ ಹೊರಗೆ ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಶಿಫ್ಟು ಬಿಟ್ಟ ಜನ ನುಗ್ಗಿ ಬರುತ್ತಿದ್ದರು. ಆ ಗದ್ದಲದ ನಡುವೆ ನಾನೊಬ್ಬನೇ ಕೂತು ದೋಸೆ ತಿಂದೆ. ಅವರು ನಿಂತುಕೊಂಡೇ ಕೂಪನ್ನು ಕೊಟ್ಟರು.

ಮುಂದಿನ ಸಲ ಹೋದಾಗ ಗಲ್ಲಾದಲ್ಲಿ ಬೇರೊಬ್ಬನಿದ್ದ. ಶೀನ ಶೆಟ್ಟರು ಕೆಲಸ ಬಿಟ್ಟು ಸೂರತ್ತಿನ ಕಡೆ ಯಾವುದೋ ಹೋಟೆಲಿಗೆ ಸೇರಿದರು, ನಂಬರೂ ಬದಲಾಗಿದೆ ಎಂದ. ಅಲ್ಲಿ ಕುರ್ಚಿಗಳಿವೆಯೇ ಎಂದು ಕೇಳಿದೆ. ಆತ ನನ್ನನ್ನು ವಿಚಿತ್ರವಾಗಿ ನೋಡಿ, ಇವೆ ಎಂದ.