ತಪ್ಪು ಶುರುವಾದ ಜಾಗ

ಬಸವಕಲ್ಯಾಣದಲ್ಲಿ ಬೆಳಕು ಹರಿಯುವ ಹೊತ್ತಿಗೆ ವಿದ್ಯಾವತಿ ಮೇಡಂ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಾರೆ. ಹುಮನಾಬಾದಿನ ಕಾಲೇಜೊಂದರಲ್ಲಿ ಅವರು ಭೌತಶಾಸ್ತ್ರದ ಉಪನ್ಯಾಸಕಿ. ಬಸ್ಸಿಗೆ ಹೊರಡುವ ಮುನ್ನ ಕೆಲವನ್ನಾದರೂ ನೋಡಿ ಮುಗಿಸಬೇಕು. ಪಕ್ಕದಲ್ಲಿಟ್ಟ ಚಹಾ ಆರಿದ್ದೂ ಅವರಿಗೆ ತಿಳಿಯುವುದಿಲ್ಲ.

ಉತ್ತರ ತಪ್ಪೆಂದು ಇಡೀ ಲೆಕ್ಕಕ್ಕೆ ಅಡ್ಡಗೆರೆ ಎಳೆಯುವವರಲ್ಲ ಅವರು. ಕೆಳಗಿನಿಂದ ಸಾಲು ಸಾಲಾಗಿ ಮೇಲೆ ಹತ್ತುತ್ತಾ, ತಪ್ಪು ಶುರುವಾದ ಜಾಗದಲ್ಲಿ ಪೆನ್ಸಿಲಿನ ಚುಕ್ಕೆ ಇಡುತ್ತಾರೆ. ಅಂಕ ಕಳೆಯುವುದು ಅಲ್ಲಿ ಮಾತ್ರ. ಆ ತಪ್ಪು ಸಂಖ್ಯೆಯನ್ನೇ ಹಿಡಿದು ಮುಂದೆ ಸರಿಯಾಗಿ ಬಿಡಿಸಿದ್ದರೆ ಅದಕ್ಕೆ ಅಂಕ ಉಂಟು.

“ಒಂದ್ ಸಲ ಎಡವಿದ ಕೂಸಿಗಿ ಎಷ್ಟ್ ಸಲ ಬಡೀಬೇಕ್ರಿ?” ಎನ್ನುತ್ತಾರೆ.

ಸಹೋದ್ಯೋಗಿ ಅಂಬರೀಷ ಅಂಕದಲ್ಲಿ ಬಲು ಬಿಗಿ. “ಮೇಡಮ್ಮೋರು ಅನ್ನಛತ್ರ ತೆರದಾರ, ಬರ್ರೆಪ್ಪೋ!” ಎಂದು ಕಾಡುತ್ತಾರೆ.

ಇತ್ತೀಚೆಗೆ ಪ್ರಥಮ ಪಿಯುಸಿ ಮರುಪರೀಕ್ಷೆಯಲ್ಲಿ ಪೂನಂ ಪತ್ರಿಕೆ ಅವರ ಕೈಗೆ ಬಂತು. ಮಾಣಿಕನಗರದ ಆಟೋ ಚಾಲಕರ ಮಗಳು. ಈ ಸಲವೂ ಫೇಲಾದರೆ ವಿಜ್ಞಾನ ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಕೂಡಿಸಿ ನೋಡಿದರೆ ಪಾಸಾಗಲು ಒಂದೇ ಅಂಕ ಕಡಿಮೆ.

ಕೊನೆಯ ಲೆಕ್ಕ: ಗಂಟೆಗೆ ಮೂವತ್ತಾರು ಕಿಲೋಮೀಟರ್ ವೇಗದ ಆಟೋ ಇಂತಿಷ್ಟು ಬಲದಿಂದ ಬ್ರೇಕ್ ಹಾಕಿದರೆ ಎಷ್ಟು ದೂರ ಹೋಗಿ ನಿಲ್ಲುತ್ತದೆ? ಹುಡುಗಿ ವೇಗವನ್ನು ಸೆಕೆಂಡಿನ ಲೆಕ್ಕಕ್ಕೆ ತಂದಿರಲಿಲ್ಲ. ಇಪ್ಪತ್ತೈದು ಮೀಟರ್ ಬರಬೇಕಾದಲ್ಲಿ ಮುನ್ನೂರ ಇಪ್ಪತ್ತನಾಲ್ಕು ಬಂದಿತ್ತು. ಕೆಳಗೆ ಅವಸರದ ಅಕ್ಷರ: ‘ಅಪ್ಪ ಬ್ರೇಕ್ ಹಾಕಿದರೆ ಆಟೋ ಇಷ್ಟು ದೂರ ಹೋಗುವುದಿಲ್ಲ. ಎಲ್ಲೋ ತಪ್ಪಿದೆ. ಸಮಯ ಮುಗಿಯಿತು.’

ಈ ಸಾಲಿಗೆ ಒಂದಂಕ ಕೊಡಬಹುದೆಂದು ಮೇಡಂ ಮನಸ್ಸು ಹೇಳಿತು. ಆದರೆ ಹುಡುಗಿಯ ಮುಖ ನೆನೆದು ಕೊಡುತ್ತಿದ್ದೇನೆಯೇ ಎಂಬ ಅಳುಕು. ಕಾಲೇಜಿಗೆ ಹೋದವರೇ ಹೆಸರು ಕಾಣದಂತೆ ಮಡಚಿ ಪತ್ರಿಕೆಯನ್ನು ಅಂಬರೀಷರ ಮುಂದಿಟ್ಟರು.

ಓದಿದ ಅಂಬರೀಷ ನಕ್ಕರು. “ತನ್ನ ತಪ್ಪು ತಾನೇ ಹಿಡದದಲ್ರಿ ಈ ಕೂಸು! ಕೊಡ್ರಿ ಒಂದು.”

“ಅನ್ನಛತ್ರ ಅನ್ನಾಂಗಿಲ್ಲಲ್ಲ?”

“ಏ, ಇದು ದುಡದು ಉಂಡಿದ್ದು ಬಿಡ್ರಿ.”

ಪತ್ರಿಕೆ ಹಂಚಿದ ದಿನ ಎಲ್ಲರೂ ಹೋದ ಮೇಲೂ ಪೂನಂ ನಿಂತೇ ಇದ್ದಳು. “ಮೇಡಂ, ದಯಾ ಮಾಡಿ ಪಾಸ್ ಮಾಡೀರೇನ್ರಿ?”

“ಹುಚ್ಚಿ, ದಯಾ ಎಲ್ಲಿಂದವ್ವ? ನೀ ಬರದಿದ್ದು ಪೂರಾ ಓದೀನಿ, ಅಷ್ಟೇ.”

ಮೇಡಂ ಆಸೆಯೂ ದೊಡ್ಡದೇನಲ್ಲ. “ಯಾವ ಕೂಸೂ ‘ಮೇಡಂ ಪಾಸ್ ಮಾಡಿದ್ರು’ ಅನಬಾರದ್ರಿ. ‘ನಾನೇ ಪಾಸಾದೆ’ ಅನಬೇಕು.”

ಪೂನಂ ಈಗ ಮನೆಯಲ್ಲಿ ಹಾಗೆಯೇ ಹೇಳುತ್ತಾಳಂತೆ, ತುಸು ಜೋರಾಗಿಯೇ.